ಹೃದಯಕ್ಕೆ ಸೆಲೆನಿಯಂ ಬೇಕಾ? ಡಬ್ಬಿ ತೆರೆಯುವ ಮೊದಲು ಸಾಸಮೆ ಅರೆಯಿರಿ

ಹೋದ ವರ್ಷ ಅಜ್ಜನ ತಿಥಿಯ ದಿನ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ತಿಥಿ ಅಂದ ಮೇಲೆ ಬೊಳ್ಳುಳ್ಳಿ, ನೀರುಳ್ಳಿ ಒಲೆಯ ಹತ್ತಿರ ಸುಳಿಯುವ ಹಾಗಿಲ್ಲ. ಆದರೂ ಮಾವ ಪಕ್ಕಕ್ಕೆ ಬಂದು ಏನೋ ಕೇಳಿದಾಗ ಬಾಯಿಂದ ಗಮ್ಮಂತ ಬೊಳ್ಳುಳ್ಳಿ ವಾಸನೆ.

"ಮಾವ, ಬೊಳ್ಳುಳ್ಳಿ ತಿಂದ್ರಾ?" ಅಂದೆ ಮೆಲ್ಲಗೆ.

"ತಿಥಿ ದಿನ ಯಾರು ತಿಂತಾರೆ ಮಾರಾಯ್ತಿ!" ಅಂತ ನನಗೇ ಬೈದರು.

ಬೈಯುವಾಗ ಎತ್ತಿದ ಕೈ ನೋಡಿದೆ. ಉಗುರಿನ ಮೇಲೆ ಅಡ್ಡಡ್ಡ ಬಿಳಿ ಗೆರೆ. ಎರಡು ಉಗುರು ತುದಿಯಲ್ಲಿ ಪುಡಿಪುಡಿ. ಕೊನೆಗೆ ಕಾರಣ ಸಿಕ್ಕಿದ್ದು ಮಾವನ ಕಪಾಟಿನಲ್ಲಿ. ಶಾರ್ಜಾದಿಂದ ಬರುವಾಗ ಭಾವ ತಂದುಕೊಟ್ಟ ಬ್ರೆಜಿಲ್ ನಟ್ಸ್ ಡಬ್ಬಿ. ಮಾವನಿಗೆ ಸ್ಟೆಂಟ್ ಹಾಕಿಸಿದ ಮೇಲೆ ಯಾರೋ ವಾಟ್ಸಾಪಿನಲ್ಲಿ 'ಸೆಲೆನಿಯಂ ಹೃದಯದ ಕವಚ' ಅಂತ ಕಳಿಸಿದ್ದರಂತೆ. ಸೆಲೆನಿಯಂ ಅಂದರೆ ದೇಹಕ್ಕೆ ಚೂರೇ ಚೂರು ಬೇಕಾಗುವ ಒಂದು ಖನಿಜ, ಬ್ರೆಜಿಲ್ ಬೀಜದಲ್ಲಿ ಅದು ತುಂಬ ಇರುತ್ತದೆ. ಆ ಮೆಸೇಜ್ ಓದಿ ಮಾವ ದಿನಾ ಸಂಜೆ ಚಹಾದ ಜೊತೆ ಆರೇಳು ಬೀಜ ತಿನ್ನುತ್ತಿದ್ದರು. ಮೂರು ತಿಂಗಳಿಂದ. ಯಾರಿಗೂ ಹೇಳದೆ.

ಲೆಕ್ಕ ನೋಡಿ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುವುದು ದೊಡ್ಡವರಿಗೆ ದಿನಕ್ಕೆ 40 ಮೈಕ್ರೋಗ್ರಾಂ ಸೆಲೆನಿಯಂ ಸಾಕು ಅಂತ. ಅಮೆರಿಕದವರು 55 ಅನ್ನುತ್ತಾರೆ. 400 ದಾಟಬೇಡಿ ಅಂತಲೂ ಅವರೇ ಹೇಳುತ್ತಾರೆ. ಯುರೋಪಿನವರು 2023ರಲ್ಲಿ ಆ ಮೇಲಿನ ಮಿತಿಯನ್ನು 255ಕ್ಕೆ ಇಳಿಸಿದರು. ಆರರಿಂದ ಎಂಟು ಬ್ರೆಜಿಲ್ ಬೀಜ, ಅಂದರೆ ಸುಮಾರು 28 ಗ್ರಾಂ, ಅದರಲ್ಲಿ ಅಮೆರಿಕದ ಆಹಾರಾಂಶ ಪಟ್ಟಿಯ ಪ್ರಕಾರ 544 ಮೈಕ್ರೋಗ್ರಾಂ! ಮಾವ ತಿಂದದ್ದು ತಿಂಡಿ ಅಲ್ಲ, ಹತ್ತು ಹನ್ನೆರಡು ದಿನದ ಡೋಸ್ ಒಂದೇ ಸಂಜೆಗೆ. ಮಿತಿಮೀರಿ ಒಳಗೆ ಹೋದ ಸೆಲೆನಿಯಂ ಅನ್ನು ದೇಹ ಹೊರಗೆ ಹಾಕುವ ಒಂದು ದಾರಿ ಉಸಿರು. ಡೈಮೀಥೈಲ್ ಸೆಲೆನೈಡ್ ಅನ್ನುವ ಅನಿಲವಾಗಿ ಹೋಗುತ್ತದೆ. ಅದರ ವಾಸನೆಯೇ ಬೊಳ್ಳುಳ್ಳಿಯದು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೂ 'ಹೊಸತಾಗಿ ಏನು ತಿಂತಾ ಇದ್ದೀರಿ' ಅನ್ನುವುದೇ. ಬೀಜ ನಿಲ್ಲಿಸಿದ ಮೇಲೆ ವಾಸನೆ ಹೋಯಿತು, ಉಗುರು ಸರಿಯಾಗಲು ತಿಂಗಳುಗಟ್ಟಲೆ ಹಿಡಿಯಿತು.

ಆಮೇಲೆ ನಾನು ಕೂತು ಓದಿದೆ. ಓದಿದ್ದನ್ನು ನಮ್ಮ ಕಾಸರಗೋಡು ಕಡೆಯ ಅಡುಗೆಗೆ ಹೊಂದಿಸಿ ಬರೆಯುತ್ತಿದ್ದೇನೆ. ಸೆಲೆನಿಯಂ ಬೇಡ ಅಂತ ಹೇಳಲು ಅಲ್ಲ. ಬೇಕೇ ಬೇಕು. ಎಷ್ಟು, ಯಾವುದರಿಂದ ಅನ್ನುವುದೇ ಪ್ರಶ್ನೆ.

ಹೃದಯಕ್ಕೂ ಇದಕ್ಕೂ ಏನು ನಂಟು

1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಇದನ್ನು ಕಂಡುಹಿಡಿದು ಚಂದ್ರನ ಗ್ರೀಕ್ ಹೆಸರಿಟ್ಟರು. ತುಂಬ ವರ್ಷ ಇದನ್ನು ವಿಷ ಅಂತಲೇ ಎಲ್ಲರೂ ನೋಡುತ್ತಿದ್ದದ್ದು. 1973ರಲ್ಲಿ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದ ಒಳಗೆ ಸೆಲೆನಿಯಂ ಇರುವುದು ಗೊತ್ತಾಯಿತು. ಇದರ ಕೆಲಸ ಸುಲಭವಾಗಿ ಹೇಳುವುದಾದರೆ ತುಕ್ಕು ತೆಗೆಯುವುದು. ಕೊಬ್ಬು ಹಳಸಿದರೆ ಮುಗ್ಗಲು ವಾಸನೆ ಬರುತ್ತದಲ್ಲ, ಅಂಥ ಹಳಸುವಿಕೆ ರಕ್ತದ ಎಲ್‌ಡಿಎಲ್ ಎಂಬ 'ಕೆಟ್ಟ' ಕೊಬ್ಬಿನಲ್ಲೂ, ಜೀವಕೋಶದ ಪೊರೆಯಲ್ಲೂ ನಡೆಯುತ್ತದೆ. ಹಳಸಿದ ಎಲ್‌ಡಿಎಲ್ ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡು ಬ್ಲಾಕ್ ಬೆಳೆಯಲು ದಾರಿ ಮಾಡುತ್ತದೆ. ಈ ಕಿಣ್ವಗಳು ಅದನ್ನು ತಡೆಯುತ್ತವೆ. ಮನುಷ್ಯರಲ್ಲಿ ಸೆಲೆನಿಯಂ ಬೇಕಾಗುವ ಪ್ರೋಟೀನ್‌ಗಳ ಜೀನ್ 25 ಇವೆ.

ಇನ್ನೊಂದು ಸಂಗತಿಯೂ ಉಂಟು. ಬ್ಲಾಕ್ ತೆರೆದು ರಕ್ತ ಒಮ್ಮೆಲೇ ನುಗ್ಗಿದಾಗ, ಇಷ್ಟು ಹೊತ್ತು ಉಸಿರು ಕಟ್ಟಿಕೊಂಡಿದ್ದ ಹೃದಯದ ಸ್ನಾಯುವಿಗೆ ಆ ಆಮ್ಲಜನಕವೇ ಏಟು ಕೊಡುತ್ತದೆ. ಸೆಲೆನಿಯಂ ಸಾಕಷ್ಟು ತಿಂದ ಇಲಿಗಳ ಹೃದಯದಲ್ಲಿ ಈ ಏಟು ಕಡಿಮೆ ಅಂತ ಲ್ಯಾಬಿನಲ್ಲಿ ಕಂಡಿದೆ. ಇಲಿ ಇಲಿಯೇ, ಮಾವ ಮಾವನೇ. ಆದರೂ ದಾರಿ ಗೊತ್ತಾಯಿತಲ್ವಾ.

ಮನುಷ್ಯರ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ ಹೃದಯದ ರಕ್ತನಾಳದ ಕಾಯಿಲೆ ಇದ್ದ 636 ಜನರನ್ನು ಹಿಂಬಾಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕೆಂಪು ರಕ್ತಕಣದಲ್ಲಿ ಈ ಕಿಣ್ವದ ಚಟುವಟಿಕೆ ಕಡಿಮೆ ಇದ್ದವರಿಗೆ ಮುಂದೆ ಹೃದಯದ ತೊಂದರೆ ಜಾಸ್ತಿ ಬಂತು. ಇದನ್ನು ಓದಿದ ಕೂಡಲೇ ಮಾತ್ರೆ ಕೊಟ್ಟರೆ ಆಯಿತಲ್ಲ ಅನಿಸುತ್ತದೆ. ಅಲ್ಲೇ ಎಡವುವುದು. ಅಮೆರಿಕದ ಸೆಲೆಕ್ಟ್ ಎಂಬ ಪ್ರಯೋಗದಲ್ಲಿ 35,533 ಗಂಡಸರಿದ್ದರು. ಸೆಲೆನಿಯಂ ಗುಂಪಿಗೆ ದಿನಕ್ಕೆ 200 ಮೈಕ್ರೋಗ್ರಾಂ ಮಾತ್ರೆ. ಮುಖ್ಯವಾಗಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಅಂತ ಮಾಡಿದ್ದು, ಹೃದಯವನ್ನೂ ನೋಡಿದರು. ಎರಡಕ್ಕೂ ಲಾಭ ಕಾಣಲಿಲ್ಲ, 2008ರಲ್ಲಿ ಮಾತ್ರೆ ನಿಲ್ಲಿಸಿದರು. ಇನ್ನೊಂದು ಹಳೆಯ ಪ್ರಯೋಗದ ಲೆಕ್ಕವನ್ನು 2007ರಲ್ಲಿ ಮತ್ತೆ ತೆಗೆದು ನೋಡಿದಾಗ ಮಾತ್ರೆ ತಿಂದವರಲ್ಲಿ ಸಕ್ಕರೆ ಕಾಯಿಲೆಯೇ ಜಾಸ್ತಿ ಕಂಡಿತು. ನಮ್ಮ ಊರಲ್ಲಿ ಸ್ಟೆಂಟ್ ಹಾಕಿಸಿದವರಲ್ಲಿ ಶುಗರ್ ಇಲ್ಲದವರು ಎಷ್ಟು ಜನ ಸಿಗುತ್ತಾರೆ ಹೇಳಿ?

ಸ್ವೀಡನ್ನಿನಲ್ಲಿ ಮಾತ್ರ ಬೇರೆ ಕಥೆ. ಅಲ್ಲಿ 443 ವಯಸ್ಸಾದವರಿಗೆ ನಾಲ್ಕು ವರ್ಷ ಸೆಲೆನಿಯಂ ಮತ್ತು ಜೀವಕೋಶಕ್ಕೆ ಶಕ್ತಿ ತಯಾರಿಸಲು ನೆರವಾಗುವ ಕೋಎನ್‌ಜೈಮ್ ಕ್ಯೂ10 ಎರಡನ್ನೂ ಸೇರಿಸಿ, ಇಲ್ಲವೇ ಸುಮ್ನೆ ಹುಸಿ ಮಾತ್ರೆ ಕೊಟ್ಟು ನೋಡಿದರು. ನಿಜವಾದ ಮಾತ್ರೆ ಸಿಕ್ಕಿದವರಲ್ಲಿ ಹೃದಯದಿಂದ ಆಗುವ ಸಾವು ಕಡಿಮೆ. ಚಿಕ್ಕ ಪ್ರಯೋಗ, ಎರಡು ವಸ್ತು ಒಟ್ಟಿಗೆ ಬೇರೆ. ಆದರೆ ಗಮನಿಸಬೇಕಾದ್ದು, ಸ್ವೀಡನ್ನಿನವರ ರಕ್ತದಲ್ಲಿ ಮೊದಲೇ ಸೆಲೆನಿಯಂ ಕಡಿಮೆ, ಅಮೆರಿಕದವರಲ್ಲಿ ಮೊದಲೇ ಸಾಕಷ್ಟು. ಬಾವಿಯಿಂದ ತಂದ ಕೊಡದ ಹಾಗೆ ಇದು. ಅರ್ಧ ಇದ್ದರೆ ತುಂಬಿಸಿ. ತುಂಬಿದ ಕೊಡಕ್ಕೆ ಇನ್ನೂ ಸುರಿದರೆ ಕಾಲಡಿ ಕೆಸರಾಗುತ್ತದೆ ಅಷ್ಟೆ.

ಕೊಡ ಪೂರ್ತಿ ಬತ್ತಿದರೆ ಏನಾಗುತ್ತದೆ ಅಂತ ಚೀನಾದ ಕೇಶಾನ್ ಎಂಬ ಜಿಲ್ಲೆ ತೋರಿಸಿತು. 1935ರಿಂದ ಅಲ್ಲಿ ಮಕ್ಕಳಿಗೂ ಹೆರುವ ವಯಸ್ಸಿನ ಹೆಂಗಸರಿಗೂ ಹೃದಯ ಊದಿ ಸೋಲುವ ಕಾಯಿಲೆ. ಮಣ್ಣಿನಲ್ಲಿ ಸೆಲೆನಿಯಂ ಇಲ್ಲ, ಜನ ತಿನ್ನುವುದೆಲ್ಲ ಅದೇ ಮಣ್ಣಲ್ಲಿ ಬೆಳೆದದ್ದು, ಜೊತೆಗೆ ಕಾಕ್ಸಾಕಿ ಎಂಬ ವೈರಸ್ಸಿನ ಕೈವಾಡವೂ ಇತ್ತು. 1970ರ ದಶಕದಲ್ಲಿ ಸೋಡಿಯಂ ಸೆಲೆನೈಟ್ ಮಾತ್ರೆ ಕೊಟ್ಟಾಗ ಹೊಸ ರೋಗಿಗಳು ಕಡಿಮೆಯಾದರು. ಇದಕ್ಕೆ ತದ್ವಿರುದ್ಧ ನಮ್ಮ ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಕಡೆಯ ಕೆಲವು ಹಳ್ಳಿಗಳು. ಅಲ್ಲಿ ಮಣ್ಣಿನಲ್ಲಿ ಸೆಲೆನಿಯಂ ಎಷ್ಟು ಜಾಸ್ತಿ ಅಂದರೆ ಮೇವು ತಿಂದ ಎಮ್ಮೆಗಳ ಗೊರಸು ಕಳಚುತ್ತದೆ.

ನಮ್ಮ ಮಣ್ಣು ಹೇಗೆ

ಇಲ್ಲಿ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಎಲ್ಲಿ ಅಗೆದರೂ ಮುರಕಲ್ಲು. ಮಳೆ ಬೇರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ಮಣ್ಣು ಹುಳಿ, ಅಂದರೆ ಆಮ್ಲೀಯ. ಕಬ್ಬಿಣ, ಅಲ್ಯೂಮಿನಿಯಂ ತುಂಬಿದ ಕೆಂಪು ಮಣ್ಣು. ಇಂಥ ಮಣ್ಣಿನಲ್ಲಿ ಸೆಲೆನಿಯಂ ಇದ್ದರೂ ಸೆಲೆನೈಟ್ ರೂಪದಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಕೂರುತ್ತದೆ, ಬೇರಿಗೆ ಸುಲಭಕ್ಕೆ ಸಿಕ್ಕುವುದಿಲ್ಲ. ಹುಳಿ ಇಲ್ಲದ, ಗಾಳಿ ಆಡುವ ಮಣ್ಣಿನಲ್ಲಿ ಅದು ಸೆಲೆನೇಟ್ ಆಗಿರುತ್ತದೆ. ಗಿಡ ಗಂಧಕವನ್ನು ಎಳೆದುಕೊಳ್ಳುವ ಬಾಗಿಲಲ್ಲೇ ಸೆಲೆನೇಟ್ ಕೂಡ ನುಸುಳುತ್ತದೆ. ಗಂಧಕ, ಸೆಲೆನಿಯಂ ಎರಡೂ ನೋಡಲು ಅಣ್ಣತಮ್ಮನ ಹಾಗೆ, ಗಿಡಕ್ಕೆ ಗುರುತು ಸಿಗುವುದಿಲ್ಲ.

ಅದಕ್ಕೇ ಗಂಧಕ ಇಷ್ಟಪಡುವ ಗಿಡಗಳು ಸೆಲೆನಿಯಂ ಅನ್ನೂ ಚೆನ್ನಾಗಿ ಹಿಡಿಯುತ್ತವೆ. ಬೊಳ್ಳುಳ್ಳಿ, ನೀರುಳ್ಳಿ, ಸಾಸಿವೆ, ಹೂಕೋಸು, ಬ್ರೊಕೊಲಿ. ಇವು ಹೆಚ್ಚಾಗಿ ಅದನ್ನು ಮೀಥೈಲ್ ಸೆಲೆನೋಸಿಸ್ಟೀನ್ ಅನ್ನುವ ಸಂಯುಕ್ತವಾಗಿ ಇಟ್ಟುಕೊಳ್ಳುತ್ತವೆ. ಅಕ್ಕಿ, ಗೋಧಿ, ಕಾಳುಗಳಲ್ಲಿ ಹೆಚ್ಚಿನ ಪಾಲು ಸೆಲೆನೋಮೀಥಿಯೋನಿನ್. ಈ ಎರಡನೆಯದನ್ನು ಕರುಳು ನೂರಕ್ಕೆ ತೊಂಬತ್ತರಷ್ಟು ಹೀರಿಕೊಳ್ಳುತ್ತದೆ. ದೇಹ ಅದನ್ನು ಪ್ರೋಟೀನಿನ ಇಟ್ಟಿಗೆಯಾದ ಮಾಮೂಲು ಮೀಥಿಯೋನಿನ್ ಅಂತ ತಿಳಿದು ಮಾಂಸಖಂಡದಲ್ಲಿ ಶೇಖರಿಸಿಯೂ ಇಡುತ್ತದೆ. ಅಂದರೆ ಒಂದೆರಡು ದಿನ ತಪ್ಪಿದರೆ ಗಾಬರಿ ಬೇಡ. ಹಾಗೆಯೇ ಜಾಸ್ತಿ ತಿಂದದ್ದು ಬೇಗ ಖಾಲಿಯೂ ಆಗುವುದಿಲ್ಲ, ಮಾವನ ಉಗುರೇ ಸಾಕ್ಷಿ.

ತೋಟದವರಿಗೆ ಒಂದು ಮಾತು. ಅಡಿಕೆ ಬುಡಕ್ಕೆ ಸುಣ್ಣ ಹಾಕುವಾಗ ತರಕಾರಿ ಸಾಲಿಗೂ ಒಂದಿಷ್ಟು ಹಾಕಿ, ಮಣ್ಣಿನ ಹುಳಿ ಇಳಿದರೆ ಸೆಲೆನಿಯಂ ಬೇರಿಗೆ ಸ್ವಲ್ಪ ಸಡಿಲವಾಗುತ್ತದೆ. ಎಷ್ಟು ಅನ್ನುವುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ. ಸೋಡಿಯಂ ಸೆಲೆನೈಟ್ ತಂದು ನೀರಿಗೆ ಬೆರೆಸಿ ಮೊಳಕೆಗೆ, ಗಿಡಕ್ಕೆ ಹಾಕುವ ವಿಡಿಯೋ ನೋಡಿ ಮರುಳಾಗಬೇಡಿ. ಅದು ವಿಷ. ಫಿನ್‌ಲೆಂಡಿನವರು 1984ರಿಂದ ಗೊಬ್ಬರಕ್ಕೆ ಸೆಲೆನಿಯಂ ಸೇರಿಸುತ್ತಾರೆ ನಿಜ. ಆದರೆ ಅದು ಸರಕಾರ ಅಳೆದು ತೂಗಿ, ವರ್ಷ ವರ್ಷ ಆಹಾರ ಪರೀಕ್ಷೆ ಮಾಡಿ ನಡೆಸುವ ಕೆಲಸ. ನಮ್ಮ ಹಿತ್ತಿಲಿನ ಬಕೆಟ್ಟಿನ ಕೆಲಸ ಅಲ್ಲ.

ನಮಗೆ ಒಂದು ಸಮಾಧಾನ ಏನಂದರೆ, ಈಗ ಯಾರೂ ತಮ್ಮ ಗದ್ದೆಯದ್ದನ್ನೇ ಉಣ್ಣುವುದಿಲ್ಲ. ಅಕ್ಕಿ ಆಂಧ್ರದ್ದು, ಗೋಧಿ ಉತ್ತರದ್ದು, ಬೊಳ್ಳುಳ್ಳಿ ಹೆಚ್ಚಾಗಿ ಮಧ್ಯಪ್ರದೇಶ, ರಾಜಸ್ಥಾನದ್ದು. ಗದ್ದೆ ಹೋಯಿತಲ್ಲ ಅಂತ ಬೇಜಾರಿದ್ದರೂ ಸೆಲೆನಿಯಂ ಮಟ್ಟಿಗೆ ಇದು ಒಳ್ಳೆಯದೇ. ನಾಲ್ಕು ಊರಿನ ಮಣ್ಣು ಒಂದೇ ಬಟ್ಟಲಿಗೆ ಬರುತ್ತದೆ. ಕೇಶಾನ್‌ನವರಿಗೆ ಇಲ್ಲದೇ ಹೋದದ್ದು ಇದೇ.

ಅಡುಗೆಮನೆಯಲ್ಲಿ ಏನು ಮಾಡುವುದು

ಮೊದಲು ಬೊಳ್ಳುಳ್ಳಿಯ ಭ್ರಮೆ ಬಿಡಿ. ದಿನಾ ಎರಡು ಎಸಳು ಹಸಿಯಾಗಿ ನುಂಗಿದರೆ ಸೆಲೆನಿಯಂ ಸಿಗುತ್ತದೆ ಅಂತ ಹೇಳುವವರಿದ್ದಾರೆ. ಅಮೆರಿಕದ ಪಟ್ಟಿಯಲ್ಲಿ 100 ಗ್ರಾಂ ಬೊಳ್ಳುಳ್ಳಿಗೆ 14 ಮೈಕ್ರೋಗ್ರಾಂ. ಒಂದು ಎಸಳು 3 ಗ್ರಾಂ ಅಂತ ಹಿಡಿದರೂ 40 ತಲುಪಲು ಸುಮಾರು 95 ಎಸಳು ಬೇಕು. ಮನೆಯವರು ಹೊರಗೆ ಹಾಕುತ್ತಾರೆ. ಜಜ್ಜಿ ಹತ್ತು ನಿಮಿಷ ಬಿಡಬೇಕು ಅನ್ನುತ್ತಾರಲ್ಲ, ಅದು ಅಲಿಸಿನ್ ಎಂಬ ಗಂಧಕದ ವಸ್ತುವಿನ ಕಥೆ, ಸೆಲೆನಿಯಂ ಕಥೆ ಅಲ್ಲ. ಒಗ್ಗರಣೆಗೆ ಹಾಕಿ, ರುಚಿಗೆ ತಿನ್ನಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಬೊಳ್ಳುಳ್ಳಿ ಕ್ಯಾಪ್ಸೂಲ್ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ನನಗೆ ಆಶ್ಚರ್ಯ ಆದದ್ದು ಸಾಸಿವೆ. ಅದೇ ಪಟ್ಟಿಯಲ್ಲಿ 100 ಗ್ರಾಂ ಸಾಸಿವೆಗೆ 208 ಮೈಕ್ರೋಗ್ರಾಂ. ನಾವು ಸಾಸಿವೆ ತಿನ್ನುವುದು ಚಿಟಿಕೆಯಲ್ಲಿ ನಿಜ. ಆದರೆ ಒಗ್ಗರಣೆಗಿಂತ ಹೆಚ್ಚು ಸಾಸಿವೆ ಹೋಗುವ ಅಡುಗೆ ನಮ್ಮಲ್ಲಿ ಇದೆಯಲ್ಲ, ತೆಂಗು, ಹಸಿ ಸಾಸಿವೆ ಅರೆದು ಹಣ್ಣಿಗೋ ತರಕಾರಿಗೋ ಬೆರೆಸುವ ಸಾಸಮೆ. ಕಾಟು ಮಾವಿನಹಣ್ಣಿನ ಕಾಲದಲ್ಲಿ ನಮ್ಮಲ್ಲಿ ವಾರಕ್ಕೆ ಮೂರು ದಿನ ಇದೇ.

ಹಣ್ಣು ಎಂಟು ಹತ್ತು ತೆಗೆದುಕೊಂಡು ಸಿಪ್ಪೆ ಸುಲಿದು, ಸಿಪ್ಪೆಯನ್ನೂ ಒಂದು ಹನಿ ನೀರಲ್ಲಿ ಹಿಂಡಿ ಆ ರಸ ಹಣ್ಣಿನ ಮೇಲೇ ಸುರಿಯಿರಿ. ಬೆಲ್ಲ, ಉಪ್ಪು ಹಾಕಿ ಕೈಯಲ್ಲಿ ಹಿಚುಕಿ. ಒಂದು ಬಟ್ಟಲು ತೆಂಗಿನ ತುರಿ, ಒಂದು ಚಮಚ ಹಸಿ ಸಾಸಿವೆ, ಒಂದು ಒಣಮೆಣಸು ನುಣ್ಣಗೆ ಅರೆಯಿರಿ. ಸಾಸಿವೆಯನ್ನು ಕೊನೆಗೆ ಹಾಕಿ, ಮೊದಲೇ ಹಾಕಿ ಜಾಸ್ತಿ ಹೊತ್ತು ತಿರುಗಿಸಿದರೆ ಕಹಿ ಬರುತ್ತದೆ. ಅರೆದದ್ದನ್ನು ಹಣ್ಣಿಗೆ ಬೆರೆಸಿ ಮುಗಿಯಿತು. ಕುದಿಸಲಿಕ್ಕಿಲ್ಲ, ನೀರು ಚೆಲ್ಲಲಿಕ್ಕಿಲ್ಲ. ಲೆಕ್ಕ ಹಾಕಿದರೆ ಒಂದು ಚಮಚ ಸಾಸಿವೆಯಿಂದ 6, ಒಂದು ಬಟ್ಟಲು ತುರಿಯಿಂದ ಸುಮಾರು 8. ಹಸಿ ತೆಂಗಿನಕಾಯಿಯಲ್ಲೂ 100 ಗ್ರಾಂಗೆ 10 ಇದೆ! ನಾಲ್ಕು ಜನ ಹಂಚಿಕೊಂಡರೆ ತಲೆಗೆ ಮೂರೂವರೆ ಮೈಕ್ರೋಗ್ರಾಂ. ಸ್ವಲ್ಪವೇ, ಆದರೆ ಎರಡು ಎಸಳು ಬೊಳ್ಳುಳ್ಳಿಯ ನಾಲ್ಕು ಪಟ್ಟು. ಶುಗರ್ ಇದ್ದವರು ಹಣ್ಣು, ಬೆಲ್ಲ ಬಿಟ್ಟು ಸೌತೆಕಾಯಿಯ ಸಾಸಮೆ ಮಾಡಿ, ಮೊಸರು ಹಾಕಿ.

ಎರಡನೆಯದು ಗಂಜಿ. ದಿನದ ಸೆಲೆನಿಯಂನ ದೊಡ್ಡ ಪಾಲು ಬರುವುದು ಅಕ್ಕಿ, ಗೋಧಿಯಿಂದ, ಯಾಕೆಂದರೆ ನಾವು ಅದನ್ನೇ ಹೊಟ್ಟೆ ತುಂಬ ತಿನ್ನುವುದು. ತವುಡು ಪೂರ್ತಿ ತೆಗೆಯದ ಕೆಂಪು ಕುಚ್ಚಲಕ್ಕಿ ಇದ್ದರೆ ಒಳ್ಳೆಯದು, ಪಾಲಿಶ್ ಮಾಡಿದಷ್ಟೂ ಅಂಶ ಹೋಗುತ್ತದೆ. ನಮ್ಮಲ್ಲಿ ತುಂಬ ನೀರಿಟ್ಟು ಬೇಯಿಸಿ ತಿಳಿ ಬಸಿದು ದನಕ್ಕೆ ಕೊಡುವ ಅಭ್ಯಾಸ. ಸೆಲೆನಿಯಂ ಸಂಯುಕ್ತಗಳಲ್ಲಿ ಒಂದಷ್ಟು ನೀರಿಗೆ ಇಳಿಯುತ್ತದೆ, ದನಕ್ಕೆ ಹೋಗುತ್ತದೆ. ದನಕ್ಕೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ವಾರಕ್ಕೆ ನಾಲ್ಕು ದಿನವಾದರೂ ತಿಳಿ ಸಮೇತ ಗಂಜಿ ಉಣ್ಣಿ. ಹರಿವೆ, ನುಗ್ಗೆಸೊಪ್ಪು ಬೇಯಿಸಿದ ನೀರೂ ಅಷ್ಟೆ, ಸಾರಿಗೆ ಹಾಕಿ.

ಮೂರನೆಯದು ರಾತ್ರಿಯ ಚಪಾತಿ. ಶುಗರ್ ಬಂದವರ ಮನೆಯಲ್ಲೆಲ್ಲ ಇದು ಆಗಲೇ ಉಂಟು. ಗೋಧಿ ಅಕ್ಕಿಗಿಂತ ಸಾಮಾನ್ಯವಾಗಿ ಮುಂದೆ. ಅಮೆರಿಕದ ಗೋಧಿ ಹಿಟ್ಟಿಗೆ 100 ಗ್ರಾಂಗೆ 60ರ ಆಸುಪಾಸು. ಅಲ್ಲಿಯ ಬಯಲಿನ ಮಣ್ಣೇ ಸೆಲೆನಿಯಂ ಜಾಸ್ತಿ ಇರುವ ಮಣ್ಣು, ಹಾಗಾಗಿ ಆ ಅಂಕಿಯನ್ನು ಪೂರ್ತಿ ನಂಬಬೇಡಿ. ಮೈದಾ ಬೇಡ, ತವುಡಿರುವ ಹಿಟ್ಟು.

ಮತ್ತೆ ಬಾಯಾಡಿಸಲು ಗೇರುಬೀಜ ಹತ್ತು, ಸುಮಾರು 3 ಮೈಕ್ರೋಗ್ರಾಂ. ಒಂದು ದೊಡ್ಡ ಚಮಚ ಎಳ್ಳು, 3. ಎಳ್ಳುಂಡೆ ಮಾಡಿದರೆ ಮಕ್ಕಳು ಬೇಡ ಅನ್ನುವುದಿಲ್ಲ. ಅಂಗಡಿಯ ಬಿಳಿ ಅಣಬೆ 100 ಗ್ರಾಂಗೆ 9. ಗುಡ್ಡೆಯ ಅಣಬೆ ಗುರುತು ಗೊತ್ತಿದ್ದರೆ ಮಾತ್ರ. ಮೀನು ತಿನ್ನುವವರಿಗೆ ಈ ತಲೆನೋವೇ ಇಲ್ಲ, ಬೂತಾಯಿ 100 ಗ್ರಾಂನಲ್ಲೇ 50 ದಾಟುತ್ತದೆ.

ಒಂದು ದಿನಕ್ಕೆ ಕೂಡಿಸೋಣ. ಎರಡು ಬಟ್ಟಲು ಕೆಂಪಕ್ಕಿ ಅನ್ನ 24, ಎರಡು ಚಪಾತಿ 36, ಪಲ್ಯ ಸಾಂಬಾರಿನ ತೆಂಗು 5, ಸಾಸಮೆ 3, ಗೇರುಬೀಜ ಅಥವಾ ಎಳ್ಳು 3. ಅಮೆರಿಕದ ಅಂಕಿಯಲ್ಲಿ 71. ನಮ್ಮ ಆಹಾರದಲ್ಲಿ ಅದರ ಅರ್ಧ ಅಂತ ಜಿಪುಣತನದಿಂದ ಹಿಡಿದರೂ 35. ಕಾಳು, ಮೊಸರು ಇನ್ನೂ ಸೇರಿಸಿಲ್ಲ. ನಮ್ಮ ದೇಶದ್ದೇ ಅಂಕಿ ಬೇಕು ಅನ್ನುವವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಪಟ್ಟಿ ತೆಗೆದು ನೋಡಿ, ಅದರಲ್ಲಿ 528 ಆಹಾರಗಳಿವೆ, ಸೆಲೆನಿಯಂ ಕಾಲಮ್ಮೂ ಇದೆ.

ಮಾತ್ರೆಯ ಡಬ್ಬಿ ಕೈಗೆ ಬಂದರೆ

ಲೇಬಲ್ ತಿರುಗಿಸಿ. ಅಂಕಿಯ ಪಕ್ಕ ಎಂಸಿಜಿ ಅಂತಿದೆಯಾ, ಎಂಜಿ ಅಂತಿದೆಯಾ ನೋಡಿ. ಎಂಸಿಜಿ ಅಂದರೆ ಮೈಕ್ರೋಗ್ರಾಂ. ಒಂದು ಎಂಜಿಗೆ ಸಾವಿರ ಎಂಸಿಜಿ. ಆಮೇಲೆ ನೀವು ಆಗಲೇ ತಿನ್ನುತ್ತಿರುವ ಮಲ್ಟಿವಿಟಮಿನ್, ಕಣ್ಣಿನ ಮಾತ್ರೆ, ಕೂದಲಿನ ಮಾತ್ರೆಗಳ ಹಿಂಭಾಗ ಓದಿ, ಅವುಗಳಲ್ಲೂ ಸೆಲೆನಿಯಂ ಕೂತಿರುತ್ತದೆ. ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಕೂಡಿಸಿ. ತಮಾಷೆ ಏನು ಗೊತ್ತಾ, ಕೂದಲು ಉದುರುತ್ತದೆ ಅಂತ ಸೆಲೆನಿಯಂ ತಿನ್ನುವವರಿದ್ದಾರೆ, ಜಾಸ್ತಿಯಾದರೆ ಉದುರುವುದೂ ಕೂದಲೇ. ಲೇಬಲ್ಲನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 2008ರಲ್ಲಿ ಅಮೆರಿಕದಲ್ಲಿ ಒಂದು ಟಾನಿಕ್ಕಿನಲ್ಲಿ ಬರೆದದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿಹೋಗಿ 201 ಜನರಿಗೆ ತೊಂದರೆಯಾಯಿತು.

ನಿಜವಾಗಿ ಕೊರತೆ ಇದೆಯೇನೋ ಅನಿಸಿದರೆ ರಕ್ತ ಪರೀಕ್ಷೆ ಇದೆ. ರಕ್ತದ ತಿಳಿ ಭಾಗವಾದ ಸೀರಮ್‌ನಲ್ಲಿ ಮಿಲಿಲೀಟರಿಗೆ 80 ನ್ಯಾನೋಗ್ರಾಂ ಅಥವಾ ಮೇಲಿದ್ದರೆ ಸಾಕಷ್ಟಿದೆ ಅಂತ ಲೆಕ್ಕ. ಡಯಾಲಿಸಿಸ್‌ನಲ್ಲಿ ಇರುವವರು, ಕರುಳಿನ ದೊಡ್ಡ ಆಪರೇಷನ್ ಆದವರು ಡಾಕ್ಟರ ಹತ್ತಿರ ಈ ಮಾತು ಎತ್ತುವುದರಲ್ಲಿ ಅರ್ಥ ಇದೆ. ಉಳಿದವರು ಸುಮ್ನೆ ದುಡ್ಡು ಹಾಕುವುದು ಬೇಡ. ಬಿಪಿ, ಕೊಲೆಸ್ಟ್ರಾಲಿನ ಮಾತ್ರೆಯನ್ನಂತೂ ಇದಕ್ಕೋಸ್ಕರ ನಿಲ್ಲಿಸಲೇಬೇಡಿ. ಮಾವ ಒಂದು ವಾರ ಆ ಸಾಹಸವನ್ನೂ ಮಾಡಿದ್ದರು ಅಂತ ಆಮೇಲೆ ಬಾಯಿಬಿಟ್ಟರು.

ಬ್ರೆಜಿಲ್ ನಟ್ಸ್ ಏನು ಮಾಡಿದೆವು ಅಂತ ಕೇಳುತ್ತೀರಿ. ಅರ್ಧ ಡಬ್ಬಿ ಉಳಿದಿತ್ತು. ವಾರಕ್ಕೆ ಒಂದೋ ಎರಡೋ ತಿಂದರೆ ತೊಂದರೆ ಇಲ್ಲ, ಆದರೆ ಎಣಿಸಿ ಕೊಡುವವರು ಯಾರು? ಆಟಿ ತಿಂಗಳ ಮಳೆಗೆ ಡಬ್ಬಿಯ ಮುಚ್ಚಳ ಸರಿಯಾಗಿ ಕೂರದೆ ಬೀಜಕ್ಕೆಲ್ಲ ಬೂಸ್ಟು ಹಿಡಿಯಿತು. ಬೂಸ್ಟು ಹಿಡಿದ ಬೀಜ, ನೆಲಗಡಲೆ ಯಾವುದನ್ನೂ ತೊಳೆದು ಹುರಿದು ತಿನ್ನಬಾರದು, ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ. ಅತ್ತೆ ಅದನ್ನು ತೆಂಗಿನ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದರು. ಡಬ್ಬಿ ಮಾತ್ರ ಗಟ್ಟಿಯದು, ಹೊಸ ಮುಚ್ಚಳ ಹಾಕಿ ಈಗ ಸಾಸಿವೆ ತುಂಬಿಸಿಟ್ಟಿದ್ದೇವೆ.